ಬಾಗಿಲ ಮುಳ್ಳು ನೋಡಿ ಪಾಳು ಎಂದು ಬರೆದವರಿಗೆ

ಡೊಂಬಿವಲಿ, ೪ ಮೇ ೨೦೧೬

ಮಾನ್ಯ ತಹಶೀಲ್ದಾರರೇ,

ನನ್ನ ಅಕ್ಕ ಬಾಲಮ್ಮ ಬದುಕಿದ್ದಾಳೆ. ಅವಳ ಮನೆ ನಿಂತಿದೆ. ಅವಳ ನಾಲ್ಕು ಎಕರೆ ಹೊಲ ನಿಮ್ಮದೇ ಕಚೇರಿಯ ಪಹಣಿಯಲ್ಲಿ ಅವಳ ಹೆಸರಿನಲ್ಲಿದೆ. ಹೋದ ಮುಂಗಾರಿನಲ್ಲಿ ರೈತ ಸಂಪರ್ಕ ಕೇಂದ್ರದ ಸಾಲಿನಲ್ಲಿ ನಿಂತು ರಿಯಾಯಿತಿ ದರದ ತೊಗರಿ ಬೀಜ ತಂದು ಬಿತ್ತಿದವಳು ಅವಳು. ಇಷ್ಟಿದ್ದರೂ ತಾವು ಅವಳ ಮನೆಯನ್ನು 'ಪಾಳು ಮನೆ, ಕಾಯಂ ಊರು ಬಿಟ್ಟಿದ್ದಾರೆ' ಎಂದು ಬರೆಸಿ, ಅವಳದೂ ಮಗಳು ಭಾಗ್ಯಾಳದೂ ಹೆಸರಿದ್ದ ರೇಷನ್ ಕಾರ್ಡನ್ನು ರದ್ದು ಮಾಡಿದ್ದೀರಿ. ಮೂರು ಅರ್ಜಿ ಕೊಟ್ಟೆವು. ಮೂರಕ್ಕೂ ಉತ್ತರವಿಲ್ಲ. ಮುಚ್ಚಿದ ಲಕೋಟೆ ತೆರೆಯುವ ಅಭ್ಯಾಸ ತಮ್ಮ ಕಚೇರಿಗೆ ಇಲ್ಲವೆಂದು ಕಾಣುತ್ತದೆ, ಅದಕ್ಕೇ ತೆರೆದ ಪತ್ರವನ್ನೇ ಬರೆಯುತ್ತಿದ್ದೇನೆ.

ನಾನು ರಬಾಳೆಯ ಒಂದು ಗೋದಾಮಿನ ಗೇಟಿನಲ್ಲಿ ಕುಳಿತು ಒಳಗೆ ಬರುವ, ಹೊರಗೆ ಹೋಗುವ ಲಾರಿಗಳ ನಂಬರು ಬರೆಯುವವನು. ಸಂಜೆ ಠಾಣೆಯಲ್ಲಿ ರೈಲು ಬದಲಿಸುವಾಗ ನೌಪಾಡಾದ ಲೋಕನಾಥರ ಹೋಟೆಲಿಗೆ ಹೋಗಿ ಒಂದು ಚಹಾ ಕುಡಿಯುತ್ತೇನೆ, ಕನ್ನಡ ಪೇಪರು ಓದುತ್ತೇನೆ. ಲೋಕನಾಥರು ಉಡುಪಿ ಕಡೆಯವರು. ಕಳೆದ ವಾರ ಗಲ್ಲಾದಿಂದಲೇ ಪೇಪರು ನನ್ನ ಕಡೆ ಚಾಚಿದರು. "ನೋಡಿ ಮಾರಾಯ್ರೆ, ನಿಮ್ಮ ಊರಿನ ಸಾಹೇಬರು ನಿಮ್ಮನ್ನು ಹೊಗಳಿದ್ದು ಉಂಟು."

ಕೃಷಿ ಮೇಳದಲ್ಲಿ ತಾವು ಮಾಡಿದ ಭಾಷಣ ಅದು. ಸಬ್ಸಿಡಿ ಕೊಟ್ಟು ಕೊಟ್ಟು ಹಳ್ಳಿಯವರು ಮೈಗಳ್ಳರಾಗಿದ್ದಾರೆ, ಪುಕ್ಕಟೆ ಅಕ್ಕಿ ಕೊಟ್ಟವರಿಗೆ ಕಣ್ಣು ಮುಚ್ಚಿ ಓಟು ಹಾಕುತ್ತಾರೆ, ಅವರಿಗೆ ಸ್ವಂತ ವಿಚಾರವೆಂಬುದಿಲ್ಲ ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಜನ ಚಪ್ಪಾಳೆ ತಟ್ಟಿದರೆಂದೂ ವರದಿಯಲ್ಲಿತ್ತು.

ಆ ಮಾತಿಗೆ ನಾನು ಉತ್ತರ ಕೊಡುವುದಿಲ್ಲ, ಒಂದು ಕಥೆ ಹೇಳುತ್ತೇನೆ. ನಾನು ಅಜ್ಜಿಯ ಮಗ್ಗುಲಲ್ಲಿ ಕಥೆ ಕೇಳಿ ಬೆಳೆದವನು. ಕೇಳುವವರು ಹೂಂ ಎನ್ನದಿದ್ದರೆ ನಮ್ಮಜ್ಜಿ ಕಥೆ ಅಲ್ಲಿಗೇ ನಿಲ್ಲಿಸಿ ಹೊದ್ದುಕೊಂಡು ಮಲಗುತ್ತಿದ್ದಳು. ತಾವೂ ಹೂಂ ಎನ್ನುತ್ತ ಓದಬೇಕು. ನಡುವೆ ಮೀಟಿಂಗ್ ಎಂದು ಎದ್ದು ಹೋಗಬಾರದು.

ನಮ್ಮೂರಲ್ಲಿ ಗುಳೆ ಹೋಗುವವರು ಬಾಗಿಲಿಗೆ ಬೀಗ ಹಾಕುವುದಿಲ್ಲ. ಚಿಲಕ ಹಾಕಿ, ಹೊಸ್ತಿಲಿಗೆ ಅಡ್ಡವಾಗಿ ಒಂದು ಜಾಲಿಮುಳ್ಳಿನ ಕಂಟಿ ಎಳೆದು ಹೋಗುತ್ತಾರೆ. ಆಡು, ನಾಯಿ ಒಳಗೆ ನುಗ್ಗುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದನ್ನು ಅಕ್ಕ ಹೇಳುತ್ತಾಳೆ: ಬೀಗ ಕಂಡರೆ ಮನೆ ಮುನಿಸಿಕೊಳ್ಳುತ್ತದೆ, ಇವರು ಇನ್ನು ಬರುವುದಿಲ್ಲ ಎಂದು ತಿಳಿಯುತ್ತದೆ. ಮುಳ್ಳು ಕಂಡರೆ ಕಾಯುತ್ತದೆ. ಊರಿನ ಮೂರು ವರ್ಷದ ಕೂಸಿಗೂ ಗೊತ್ತು, ಮುಳ್ಳು ಎಳೆದ ಮನೆಯವರು ಬರುವವರು. ಅಕ್ಕ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಚರಗದ ಎಡೆ ಚೆಲ್ಲಿ, ತೊಗರಿ ರಾಶಿ ಮಾಡಿ, ಸಂಕ್ರಾಂತಿ ಮುಗಿಸಿ ಮುಳ್ಳು ಎಳೆದು ಡೊಂಬಿವಲಿಗೆ ಬರುತ್ತಾಳೆ. ಎಂಐಡಿಸಿ ಕೈಗಾರಿಕಾ ಪ್ರದೇಶದ ಪಕ್ಕ ಏಳುತ್ತಿರುವ ಕಟ್ಟಡಗಳಲ್ಲಿ ತಾಯಿ ಮಗಳು ಇಟ್ಟಿಗೆ ಹೊರುತ್ತಾರೆ. ಮೇ ಕೊನೆಗೆ ಮುಳ್ಳು ತೆಗೆಯಲು ಹೋಗುತ್ತಾಳೆ. ಹದಿನಾಲ್ಕು ವರ್ಷದಿಂದ ಒಂದು ಸಲವೂ ತಪ್ಪಿಲ್ಲ. ವರ್ಷದಲ್ಲಿ ಏಳೂವರೆ ತಿಂಗಳು ಅಲ್ಲಿ, ನಾಲ್ಕೂವರೆ ತಿಂಗಳು ಇಲ್ಲಿ.

ಈ ಸಲ ಅವಳು ಬಂದು ತಿಂಗಳೂ ತುಂಬಿರಲಿಲ್ಲ, ತಮ್ಮ ಕಡೆಯವರು ಕಾರ್ಡು ಪರಿಶೀಲನೆಗೆ ಹೋದರು. ಹೊಸಬರಂತೆ, ಪಟ್ಟಣದವರಂತೆ. ಮುಳ್ಳು ಕಂಡರು, ಪಾಳು ಎಂದು ಬರೆದರು, ಹೋದರು. ಪಕ್ಕದ ಮನೆಯಲ್ಲಿ ಒಂದು ಮಾತು ಕೇಳಲಿಲ್ಲ. ಅಕ್ಕ ಸಂತೆಯಲ್ಲಿ ಒಂದು ಅಗ್ಗದ ಬೀಗ ಕೊಂಡು ಜಡಿದಿದ್ದರೆ 'ಬೀಗ ಹಾಕಿದೆ, ಮತ್ತೆ ಭೇಟಿ' ಎಂದು ಬರೆಯುತ್ತಿದ್ದರೋ ಏನೋ. ತಪ್ಪು ನಮ್ಮದೇ ಎನ್ನೋಣ. ಊರಿನ ನಾಯಿಗೂ ತಿಳಿಯುವ ಗುರುತು ಸರ್ಕಾರಕ್ಕೂ ತಿಳಿದೀತು ಎಂದುಕೊಂಡೆವು.

ಹೂಂ ಎನ್ನಿ.

ಫೆಬ್ರವರಿಯಲ್ಲಿ ತಾಲೂಕು ಪಂಚಾಯಿತಿ ಚುನಾವಣೆ ಬಂತಲ್ಲ, ಆಗ ಡೊಂಬಿವಲಿಗೆ ನಮಗಾಗಿ ಬಸ್ಸು ಬಂತು. ಒಬ್ಬ ಅಭ್ಯರ್ಥಿ ಕಳಿಸಿದ ಬಸ್ಸು. ಅವರ ಕಡೆಯ ಲಕ್ಷ್ಮೀಕಾಂತ ಎಂಬವನು ನಾವಿರುವ ಚಾಳಿಗೆ ಬಂದು ಒಂದೊಂದು ಬಾಗಿಲೂ ತಟ್ಟಿ ನಲವತ್ತೆಂಟು ಜನರನ್ನು ಹುಡುಕಿ ತೆಗೆದ. ಇದನ್ನು ತಾವು ಗಮನಿಸಬೇಕು. ತಮಗೆ ಸಿಗದ ಬಾಲಮ್ಮ ಅವನಿಗೆ ಐನೂರೈವತ್ತು ಕಿಲೋಮೀಟರ್ ಆಚೆ, ಮೂರನೆಯ ಚಾಳಿನ ಒಳಗಲ್ಲಿಯಲ್ಲಿ, ಸ್ಟೋವಿನ ಮುಂದೆ ಕುಳಿತಿದ್ದವಳು ಸಿಕ್ಕಳು. ನನ್ನ ಓಟು ಈಗ ಡೊಂಬಿವಲಿಯಲ್ಲಿದೆ, ಆದರೂ ಅಕ್ಕನ ಜೊತೆ ನಾನೂ ಹತ್ತಿದೆ.

ಕಲ್ಯಾಣ ಫಾಟಾ ದಾಟುವ ಮೊದಲೇ ಲಕ್ಷ್ಮೀಕಾಂತ ಎಲ್ಲರ ಕೈಗೂ ವಡಾಪಾವ್ ಕೊಟ್ಟು ಅಕ್ಕನ ಸೀಟಿನ ಹತ್ತಿರ ಬಂದ.

"ಅಕ್ಕಾ, ಅಕ್ಕಿ ಕೊಟ್ಟವರು ಯಾರಂತ ನೆನಪದ ಇಲ್ಲ?"

"ಅದ ಬಿಡು. ನೀವು ಕೊಟ್ಟೀರೋ, ಅವರು ಕೊಟ್ಟಾರೋ, ಅಕ್ಕಿ ಮ್ಯಾಲ ಹೆಸರು ಬರದಿಲ್ಲ."

"ಬಸ್ಸಿನ ಮ್ಯಾಲ ಬರದೈತಲ್ಲಬೇ."

"ಈ ಬಸ್ಸು ಎಲೆಕ್ಷನ್‌ಕ್ಕಷ್ಟೇ ಬರ್ತದಲ್ಲೋ ತಮ್ಮಾ. ಜೂನ್‌ದಾಗ ಬಿತ್ತಾಕ ಹೋಗ್ಬೇಕು, ಆವಾಗೂ ಕಳಸ್ತೀರೇನು?"

"ಅದು ಹ್ಯಾಂಗ ಆಗ್ತದ?"

"ಹಳ್ಳಕ್ಕ ಒಡ್ಡು ಹಾಕಿಸ್ತೀರೇನು, ಹೇಳು. ಬ್ಯಾಸಗ್ಯಾಗ ಊರಾಗೇ ಕೆಲಸ ಸಿಕ್ರ ನಿಮ್ಮ ಬಸ್ಸೂ ಉಳೀತದ, ವಡಾಪಾವೂ ಉಳೀತದ."

ಇಡೀ ಬಸ್ಸು ನಕ್ಕಿತು. ಲಕ್ಷ್ಮೀಕಾಂತ ಮುಂದಿನ ಸೀಟಿಗೆ ಹೋಗಿ ಕುಳಿತ. ಸ್ವಂತ ವಿಚಾರವಿಲ್ಲದವರ ಮಾತು ಹೀಗಿರುತ್ತದೆ, ಸ್ವಾಮಿ.

ಬೆಳಿಗ್ಗೆ ಊರು ಮುಟ್ಟಿದೆವು. ಅಕ್ಕನ ಬಾಗಿಲ ಮುಳ್ಳು ಇದ್ದಲ್ಲೇ ಇತ್ತು, ಆದರೆ ಅದರ ಒಂದು ಕೊಂಬೆಗೆ ಬಿಳಿ ಕಾಗದವೊಂದನ್ನು ಚುಚ್ಚಿ ಇಟ್ಟಿದ್ದರು. ಬಿಡಿಸಿಕೊಳ್ಳುವಾಗ ಅಕ್ಕನ ಬೆರಳಿಗೆ ಮುಳ್ಳು ತಾಗಿ ರಕ್ತ ಬಂತು. ಬಿಡಿಸಿ ನೋಡಿದರೆ ಮತದಾರರ ಚೀಟಿ. ಬಾಲಮ್ಮ, ಹೆಣ್ಣು, ವಯಸ್ಸು ನಲವತ್ತಾರು, ಮನೆ ನಂಬರು ಸಹಿತ. ಪಾಳು ಮನೆಯ ನಂಬರು.

ಶಾಲೆಗೆ ಹೋಗಿ ಓಟು ಹಾಕಿದಳು. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದಳು. ಬಂದೇ ಬಂದಿದ್ದೇವೆ, ಈ ತಿಂಗಳ ಅಕ್ಕಿಯನ್ನೂ ಒಯ್ಯೋಣವೆಂದು ಚೀಲ ಹಿಡಿದು ರೇಷನ್ ಅಂಗಡಿಗೆ ಹೋದಳು. ಅಂಗಡಿಯವನು ರದ್ದಾದವರ ಪಟ್ಟಿ ತೋರಿಸಿದ. ಶಾಯಿ ಇನ್ನೂ ಒಣಗಿರಲಿಲ್ಲ. ಬೆಳಿಗ್ಗೆ ಊರಿನವಳಾಗಿದ್ದವಳು ಮಧ್ಯಾಹ್ನಕ್ಕೆ ಊರಿನವಳಾಗಿ ಉಳಿಯಲಿಲ್ಲ. ಓಟಿನ ಪಟ್ಟಿಯೂ ಅಕ್ಕಿಯ ಪಟ್ಟಿಯೂ ತಮ್ಮ ಒಂದೇ ಕಚೇರಿಯಿಂದ ಹೊರಟಿದ್ದು ಎಂದು ಕೇಳಿದ್ದೇನೆ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಎಷ್ಟು ಹರದಾರಿ?

ಮುಳ್ಳಿಗೆ ಚೀಟಿ ಚುಚ್ಚಿದ್ದು ಅಂಗನವಾಡಿಯ ಮಾನಮ್ಮ. ಅವಳ ಮನೆಗೆ ಹೋಗಿ ಕೇಳಿದೆವು.

"ಮುಳ್ಳು ಎಳದಾರಂದ್ರ ಬರ್ತಾರ, ಅದಕ್ಕೇ ಚುಚ್ಚಿ ಬಂದಿನಿ," ಎಂದಳು.

"ಆ ಮಾತು ಪರಿಶೀಲನೆಗೆ ಬಂದವರಿಗೆ ಹೇಳಬೇಕಿತ್ತಲ್ಲವ್ವಾ."

"ನನಗ್ಯಾರು ಕೇಳ್ಯಾರಣ್ಣಾ? ಓಟಿನ ಕೆಲಸ ಹಚ್ಯಾರ, ಅಕ್ಕಿ ಕೆಲಸ ಹಚ್ಚಿಲ್ಲ. ಅವರು ಬಂದಿದ್ದೂ ಜೀಪು ಹೋದ ಮ್ಯಾಲ ಗೊತ್ತಾತು."

ತಮ್ಮ ಇಡೀ ಆಡಳಿತದಲ್ಲಿ ಮುಳ್ಳು ಓದಲು ಬರುವವಳು ಒಬ್ಬಳಿದ್ದಾಳೆ. ಅವಳಿಗೆ ಇನ್ನೂ ಗೌರವಧನ ಮಾತ್ರ ಕೊಡುತ್ತೀರಿ, ಸಂಬಳವಲ್ಲ.

ಉಳಿದವರು ಸಂಜೆಯ ಬಸ್ಸಿಗೇ ಹೊರಟರು. ನಾವು ಉಳಿದು ಸೋಮವಾರ ತಮ್ಮ ಕಚೇರಿಗೆ ಬಂದೆವು. ತಮ್ಮ ಕುರ್ಚಿ ಖಾಲಿ ಇತ್ತು. ಬೆನ್ನಿಗೆ ಬಿಳಿ ಟರ್ಕಿ ಟವೆಲ್ ಹೊದಿಸಿತ್ತು. "ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ, ಬರ್ತಾರ," ಎಂದರು ಗುಮಾಸ್ತರು. ಮಂಗಳವಾರವೂ ಟವೆಲ್ಲಿತ್ತು, ಬುಧವಾರವೂ ಇತ್ತು. ಮೂರು ದಿನವೂ ಅಕ್ಕ ವರಾಂಡದ ಕಂಬಕ್ಕೆ ಒರಗಿ ಆ ಟವೆಲ್ಲನ್ನೇ ನೋಡುತ್ತ ಕುಳಿತಳು. ಕೊನೆಗೆ ಹೊರಡುವಾಗ ಹೇಳಿದಳು: "ಇದು ಸಾಹೇಬರ ಮುಳ್ಳು ನೋಡೋ, ಹಣಮಂತಾ."

ಖಾಲಿ ಕುರ್ಚಿಯನ್ನು ಕಂಡು ಯಾರೂ 'ಪಾಳು ಕುರ್ಚಿ, ಸಾಹೇಬರು ಕಾಯಂ ಊರು ಬಿಟ್ಟಿದ್ದಾರೆ' ಎಂದು ಬರೆಯಲಿಲ್ಲ. ತಮ್ಮ ಸಂಬಳವೂ ನಿಂತಿರಲಾರದು.

ಇನ್ನು ಸಬ್ಸಿಡಿಯ ಮಾತು. ನನ್ನ ಗೇಟಿನ ಎದುರಿಗೆ ಒಂದು ಕಾರ್ಖಾನೆಯ ಶೆಡ್ ಇದೆ. ರಿಯಾಯಿತಿ ದರದಲ್ಲಿ ಸರ್ಕಾರ ಕೊಟ್ಟ ಜಾಗವೆಂದು ಅದರ ವಾಚ್‌ಮನ್ನೇ ಹೇಳುತ್ತಾನೆ. ಮೂರು ವರ್ಷದಿಂದ ಅದಕ್ಕೆ ನನ್ನ ಮುಷ್ಟಿಯಷ್ಟು ದೊಡ್ಡ ಬೀಗ ಬಿದ್ದಿದೆ. ಒಳಗೆ ಹುಲ್ಲು ಆಳೆತ್ತರ ಬೆಳೆದಿದೆ. ಆದರೆ ಗೇಟಿಗೆ ತೂಗು ಹಾಕಿದ ಬೋರ್ಡಿನಲ್ಲಿ 'ತಾತ್ಕಾಲಿಕ ಸ್ಥಗಿತ' ಎಂದಿದೆ. ಯಜಮಾನರು ಎಂದಾದರೂ ಬಂದಾರೆಂದು ಎಲ್ಲರೂ ನಂಬಿದ್ದಾರೆ. ಅವರಿಗೆ ಕೊಟ್ಟದ್ದರ ಹೆಸರು ಪ್ರೋತ್ಸಾಹ, ನನ್ನ ಅಕ್ಕನಿಗೆ ಕೊಟ್ಟದ್ದರ ಹೆಸರು ಪುಕ್ಕಟೆ. ಅವರು ಮೂರು ವರ್ಷ ಬರದಿದ್ದರೂ ಉದ್ಯಮಿ, ಇವಳು ಮೂರು ವಾರ ಇಲ್ಲದಿದ್ದರೆ ಪಾಳು. ಎಂಟು ಇಟ್ಟಿಗೆ ತಲೆಯ ಮೇಲಿಟ್ಟುಕೊಂಡು ನಾಲ್ಕನೆಯ ಅಂತಸ್ತಿಗೆ ಹತ್ತುವ ಮೈಗಳ್ಳಿಯನ್ನು ತಾವು ನೋಡಬೇಕಿದ್ದರೆ ಡೊಂಬಿವಲಿಗೆ ಬನ್ನಿ, ಸ್ಟೇಷನ್ನಿಗೆ ನಾನೇ ಬರುತ್ತೇನೆ. ಪುಕ್ಕಟೆ ಅಕ್ಕಿ ಉಣ್ಣಲು ಅವಳೇನೂ ನಾಚಬೇಕಾಗಿಲ್ಲ. ಅವಳ ತೊಗರಿಯನ್ನು ಬೇಯಿಸಿ ಸಾರು ಉಣ್ಣುವ ಪಟ್ಟಣದವರು ಯಾರೂ ನಾಚಿದ್ದು ನಾನು ಕಂಡಿಲ್ಲ.

ಅಕ್ಕಿ ಕೊಟ್ಟವರಿಗೆ ಕಣ್ಣು ಮುಚ್ಚಿ ಓಟು ಎಂದಿರಲ್ಲ, ಅದನ್ನೂ ಮುಗಿಸಿಬಿಡುತ್ತೇನೆ. ಅಕ್ಕಿಯನ್ನು ತನ್ನ ಪಕ್ಷವೇ ಕೊಟ್ಟದ್ದೆಂದು ಹೇಳಿಕೊಂಡು, ಬಸ್ಸು ಕಳಿಸಿ, ವಡಾಪಾವ್ ತಿನ್ನಿಸಿದ ಆ ಅಭ್ಯರ್ಥಿ ಸೋತ. ನಮ್ಮ ಊರಿನ ಮತಗಟ್ಟೆಯಲ್ಲೇ ಹಿಂದೆ ಬಿದ್ದ. ಎಣಿಕೆಯ ದಿನ ಲಕ್ಷ್ಮೀಕಾಂತ ಫೋನು ಮಾಡಿ, "ನಮ್ಮ ವಡಾಪಾವ್ ತಿಂದು ಹಿಂಗ ಮಾಡಬಹುದಾ ಅಕ್ಕಾ?" ಎಂದು ಕೇಳಿದ. ಅಕ್ಕ ಶಾಂತವಾಗಿ, "ಅದು ಹಳಸಿತ್ತೋ ತಮ್ಮಾ," ಎಂದು ಫೋನಿಟ್ಟಳು. ಯಾರಿಗೆ ಹಾಕಿದಳೆಂದು ಒಡಹುಟ್ಟಿದ ನನಗೂ ಇಂದಿನವರೆಗೆ ಹೇಳಿಲ್ಲ. ಕೇಳಿದರೆ, "ಅದೊಂದಾದ್ರೂ ನಂದು ಇರ್ಲಿ," ಎನ್ನುತ್ತಾಳೆ. ಒಂದೇ ಮನೆಯವರಿಗೆ ಗೊತ್ತಾಗದ್ದು ವೇದಿಕೆಯ ಮೇಲಿದ್ದ ತಮಗೆ ಹೇಗೆ ಗೊತ್ತಾಯಿತು?

ನನ್ನ ಕಥೆಯೂ ಒಂದಿಷ್ಟಿದೆ. ನಾನು ಊರು ಬಿಟ್ಟು ಹತ್ತೊಂಬತ್ತು ವರ್ಷವಾಯಿತು, ಇನ್ನು ಅಲ್ಲಿ ಹೋಗಿ ನೆಲೆಸುವವನಲ್ಲ. ನನ್ನ ಹೆಸರನ್ನು ಅಲ್ಲಿಯ ಮತದಾರರ ಪಟ್ಟಿಯಿಂದ ತೆಗೆಯಿರಿ ಎಂದು ಎರಡು ಸಲ ಬರೆದುಕೊಟ್ಟಿದ್ದೇನೆ. ತೆಗೆದಿಲ್ಲ. ಹೋದವನನ್ನು ಇಟ್ಟುಕೊಂಡಿದ್ದೀರಿ, ಬರುವವಳನ್ನು ಹೊರಗೆ ಹಾಕಿದ್ದೀರಿ.

ಇದರಲ್ಲಿ ನಗುವಂಥದ್ದು ಇಲ್ಲಿಗೆ ಮುಗಿಯಿತು. ಅಕ್ಕ ಇದೇ ತಿಂಗಳ ಇಪ್ಪತ್ತೆಂಟಕ್ಕೆ ಹೊರಡಬೇಕು. ರೋಹಿಣಿ ಮಳೆಗೆ ಹೊಲ ಹದವಾಗಿ, ಮೃಗಶಿರಕ್ಕೆ ಬಿತ್ತನೆ. ಬಿತ್ತಿದಂದಿನಿಂದ ರಾಶಿಯವರೆಗೆ ತಾಯಿ ಮಗಳು ಊರಲ್ಲಿ ಉಣ್ಣುವುದು ಆ ಕಾರ್ಡಿನ ಅಕ್ಕಿಯನ್ನೇ. ಅದಿಲ್ಲದಿದ್ದರೆ ಅವರಿಗೆ ಅಲ್ಲಿ ಬಿತ್ತಲು ನಿಲ್ಲುವ ತ್ರಾಣವಿಲ್ಲ. ಹೊಲವನ್ನು ಬೇರೆಯವರಿಗೆ ಗೇಣಿ-ಲಾವಣಿಗೆ ಹಾಕಿ, ಹನ್ನೆರಡು ತಿಂಗಳೂ ಇಲ್ಲಿಯೇ ಇಟ್ಟಿಗೆ ಹೊರಬೇಕು. ಎರಡು ಮಳೆಗಾಲ ಕಳೆದರೆ ಮಣ್ಣಿನ ಮಾಳಿಗೆ ಕುಸಿಯುತ್ತದೆ. ಆಗ ತಮ್ಮ ಕಡೆಯವರು ಜೀಪಿನಲ್ಲಿ ಬಂದು ನೋಡಿದರೆ ಅವರು ಬರೆದದ್ದು ಸರಿಯಾಗಿಯೇ ಇರುತ್ತದೆ. ಸುಳ್ಳು ದಾಖಲೆಯನ್ನು ತಿದ್ದುವುದು ಸುಲಭವೋ, ಅದಕ್ಕೆ ಸರಿಹೊಂದುವಂತೆ ಒಂದು ಮನೆಯನ್ನು ಕೆಡವುವುದು ಸುಲಭವೋ, ತಾವೇ ಹೇಳಬೇಕು.

ನಾವು ಬೇಡುತ್ತಿಲ್ಲ, ಕೇಳುತ್ತಿದ್ದೇವೆ. ಇಪ್ಪತ್ತೆಂಟರೊಳಗೆ ಬಾಲಮ್ಮ ಮತ್ತು ಭಾಗ್ಯಾಳ ಕಾರ್ಡು ಮರಳಿ ಬರಬೇಕು. ಆ ಪಟ್ಟಿಯಲ್ಲಿ 'ಪಾಳು' ಎಂಬ ಪದವನ್ನು ತಾವೇ ಸ್ವಂತ ಕೈಯಿಂದ ಹೊಡೆದು, 'ಗುಳೆ ಹೋಗಿದ್ದಾರೆ, ಬರುತ್ತಾರೆ' ಎಂದು ಬರೆದು ಸಹಿ ಹಾಕಬೇಕು. ಮುಂದಿನ ಪರಿಶೀಲನೆಗೆ ಮಾನಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ನಮ್ಮ ಮನೆಯೊಂದೇ ಅಲ್ಲ, ಆ ಓಣಿಯಲ್ಲಿ ಮುಳ್ಳು ಎಳೆದ ಮನೆಗಳು ಇನ್ನೂ ಹನ್ನೊಂದಿವೆ.

ಆಗದಿದ್ದರೆ, ಅಕ್ಕ ಊರಿಗೆ ಹೋದ ದಿನ ತನ್ನ ಬಾಗಿಲ ಮುಳ್ಳನ್ನು ತೆಗೆದು ಎಸೆಯುವುದಿಲ್ಲ. ಹೊತ್ತುಕೊಂಡು ತಾಲೂಕು ಕಚೇರಿಗೆ ಬರುತ್ತಾಳೆ, ಓಣಿಯ ಆ ಹನ್ನೊಂದು ಮನೆಯವರೂ ತಮ್ಮ ತಮ್ಮ ಮುಳ್ಳು ಹೊತ್ತು ಬರುತ್ತಾರೆ. ತಮ್ಮ ಕೋಣೆಯ ಹೊಸ್ತಿಲಿಗೆ ಅಡ್ಡವಾಗಿ ಎಳೆದು ವರಾಂಡದಲ್ಲಿ ಕುಳಿತುಕೊಳ್ಳುತ್ತೇವೆ. ತಾವು ಗಾಬರಿಯಾಗಬಾರದು. ಅದನ್ನು ಅವಮಾನವೆಂದೂ ತಿಳಿಯಬಾರದು. ಈ ಕೋಣೆಯವರು ಎಂದಾದರೂ ಬರುತ್ತಾರೆ ಎಂಬ ನಂಬಿಕೆ ನಮಗಿನ್ನೂ ಇದೆ ಎಂದಷ್ಟೇ ನಮ್ಮೂರಲ್ಲಿ ಅದರ ಅರ್ಥ.

ಇಂತಿ,
ತಮ್ಮ ಪಟ್ಟಿಯಲ್ಲಿ ಇಲ್ಲದವಳ ತಮ್ಮ,
ಬೇಡವೆಂದರೂ ತಮ್ಮ ಪಟ್ಟಿಯಲ್ಲಿ ಉಳಿದವನು,
ಹಣಮಂತ್ರಾಯ
ಗೋದಾಮಿನ ಗೇಟು, ರಬಾಳೆ