ಇಲ್ಲದ ಸೇತುವೆ

ದೋಣಿಯ ಒಡತಿಯೂ ನನ್ನ ಹೆತ್ತವಳೂ ಆದ ಅಮ್ಮನ ಪಾದಗಳಿಗೆ ಅಡ್ಡಬಿದ್ದು ಮಗಳು ಮಾಡುವ ವಿನಂತಿ.

ಶನಿವಾರ ನಿನ್ನನ್ನು ಶಾಲೆಗೆ ಕರೆದಿದ್ದಾರೆ. ಬಾಯಲ್ಲಿ ಹೇಳಿದರೆ ಪೂರ್ತಿ ಕೇಳದೆ ಕಿವಿ ಹಿಂಡುತ್ತೀಯ, ಅದಕ್ಕೇ ಪತ್ರ. ಈ ಸಲ ನಾನು ಯಾರ ಕುರ್ಚಿಗೂ ಗೋಂದು ಹಚ್ಚಿಲ್ಲ.

ನಮ್ಮೂರಿನ ಬಗ್ಗೆ ಬರೆಯಲು ಟೀಚರ್ ಎಐಗೆ ಹೇಳಿದರು. ಅದು ನಮ್ಮ ಹೊಳೆಗೆ ಒಂದು ಭವ್ಯ ಸೇತುವೆಯನ್ನೇ ಕಟ್ಟಿಬಿಟ್ಟಿತು. ಎಲ್ಲರೂ ಭಕ್ತಿಯಿಂದ ಬರೆದುಕೊಂಡರು. ನಾನು ಎದ್ದು, "ಸೇತುವೆ ಇದ್ರೆ ನಮ್ಮಮ್ಮ ದಿನಾ ನಿಮ್ಮನ್ನ ದೋಣೀಲಿ ಯಾಕೆ ದಾಟಿಸ್ತಾಳೆ ಟೀಚರ್?" ಎಂದೆ.

"ನಿನ್ನ ಎದುರುಮಾತಿಗೆ ಕೊನೆಗೂ ಒಂದು ಕೆಲಸ ಸಿಕ್ತು ನೋಡೇ!" ಎಂದು ಟೀಚರ್ ನಕ್ಕರು. ಇನ್ನು ಮುಂದೆ ಎಐ ಹೇಳಿದ್ದನ್ನು ಪರೀಕ್ಷಿಸದೆ ಯಾರೂ ಬರೆಯುವಂತಿಲ್ಲ. ಪರೀಕ್ಷಕರ ದಳಕ್ಕೆ ನಾನೇ ನಾಯಕಿ. ಅದನ್ನು ಎಲ್ಲರೆದುರು ಹೇಳಲು ನಿನ್ನನ್ನು ಕರೆದಿದ್ದಾರೆ.

ಯಾವಾಗಲೂ ಮಾಡುವಂತೆ ತಲೆ ತಗ್ಗಿಸಿ ಬಾಗಿಲ ಬಳಿ ನಿಲ್ಲಬೇಡಮ್ಮ. ಮೊದಲ ಸಾಲಿನಲ್ಲಿ ಕೂತುಕೋ.

ಇಂತಿ,
ಸದ್ಯಕ್ಕೆ ಒಳ್ಳೆಯವಳಾಗಿರುವ ನಿನ್ನ ಮಗಳು