ರೆಕ್ಕೆಯ ಹಣೆಗೆ ವಿಭೂತಿ

ಅಮ್ಮಾನ್, ಜೋರ್ಡಾನ್
ಆಯುಧಪೂಜೆಯ ದಿನ

ತೊಗರ್ಸಿಯ ಸೋದರಮಾವನವರಿಗೆ ಗಂಗಾಶ್ರೀಯ ಶರಣು.

ಟ್ರ್ಯಾಕ್ಟರ್ ಸದ್ದಿಗೆ ಕಿವಿ ಮಂದವಾಗಿ ನಿಮಗೆ ಫೋನು ಕೇಳಿಸುವುದಿಲ್ಲ, ಅದಕ್ಕೇ ಕಾರ್ಡು. ನಾನು ಕೆಲಸಕ್ಕಿರುವ ವಿಮಾನ ರಿಪೇರಿಯ ಈ ಶೆಡ್ಡು ಶಿಕಾರಿಪುರದ ಬಸ್ ನಿಲ್ದಾಣಕ್ಕಿಂತ ದೊಡ್ಡದು. ಇಷ್ಟು ದೊಡ್ಡ ಶೆಡ್ಡಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ.

ಇವತ್ತು ವಿಮಾನದ ರೆಕ್ಕೆ ಬಿಚ್ಚಿಕೊಳ್ಳುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಮುಂದಿನ ಅಂಚಿನಿಂದ ಸ್ಲ್ಯಾಟ್ ಎಂಬ ಪಟ್ಟಿ ಮುಂದಕ್ಕೆ ಜಾರಿತು, ಹಿಂದಿನ ಅಂಚಿನ ಫ್ಲ್ಯಾಪ್ ಎಂಬ ಹಲಗೆ ಕೆಳಕ್ಕೆ ಬಾಗಿತು. ಗದ್ದೆ ಹೂಡುವ ಟ್ರ್ಯಾಕ್ಟರಿನ ಹಿಂದೆ ಇಳಿಯುವ ಬೆಳ್ಳಕ್ಕಿ ರೆಕ್ಕೆ ಅಗಲಿಸುತ್ತದಲ್ಲ, ಹಾಗೆಯೇ. ಇಳಿಯುವಾಗ ವೇಗ ತಗ್ಗಿದರೂ ವಿಮಾನ ದೊಪ್ಪನೆ ಬೀಳದಿರುವುದು ಇವುಗಳಿಂದ.

"ಯಾವ ಮಿಷನ್ನಾದ್ರೂ ಮೊದ್ಲು ಅದ್ರ ಹಣೆ ಎಲ್ಲೈತಿ ನೋಡು, ಅಲ್ಲಿ ವಿಭೂತಿ ಹಚ್ಚು ಗಂಗವ್ವ" ಎಂದು ನಿಮ್ಮ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಹೇಳಿಕೊಟ್ಟವರು ನೀವು. ಇವತ್ತು ಹಬ್ಬವಲ್ಲವೇ, ಸ್ಲ್ಯಾಟಿನ ಅಂಚೇ ಹಣೆ ಎಂದುಕೊಂಡು ಊರಿನಿಂದ ತಂದ ವಿಭೂತಿಯಲ್ಲಿ ಮೂರು ಬೆರಳು ಎಳೆದುಬಿಟ್ಟೆ. ಮೇಲ್ವಿಚಾರಕರು ಬಯ್ಯಲಿಲ್ಲ. ಗಾಳಿ ಮೊದಲು ಮುಟ್ಟುವ ಜಾಗ ಇದು, ಇಲ್ಲಿ ಏನಾದರೂ ಒರಟಾಗಿ ಅಂಟಿಕೊಂಡರೆ ರೆಕ್ಕೆಯ ಎತ್ತುವ ಬಲವೇ ತಗ್ಗೀತು ಎಂದು ಒಂದು ಬಟ್ಟೆ ಕೊಟ್ಟರು. ಒರೆಸಿದೆ.

ಆರೋಗ್ಯವಾಗಿದ್ದೇನೆ. ಅಂಗೈ ಬಿರುಕು ಬಿಟ್ಟಿದೆ, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇನೆ. ಅವ್ವನಿಗೆ ಹೇಳಬೇಡಿ.

ರೆಕ್ಕೆಯೊಳಗೆ ಉಳಿದುಬಿಡಬಾರದೆಂದು ಇಲ್ಲಿ ಒರೆಸುವ ಬಟ್ಟೆಯನ್ನೂ ಎಣಿಸಿ ವಾಪಸು ಪಡೆಯುತ್ತಾರೆ. ಕೊಡುವ ಮೊದಲು ಅದನ್ನು ನನ್ನ ಹಣೆಗೆ ಒತ್ತಿಕೊಂಡೆ. ಬೂದಿ ಸಂಜೆಯವರೆಗೂ ಹಾಗೇ ಇತ್ತು. ಇದೇನೆಂದು ಯಾರೂ ಕೇಳಲಿಲ್ಲ.

ಕಾರ್ಡು ತುಂಬಿತು.
ಗಂಗವ್ವ