ಸಿಕ್ಕು ಬಿಡಿಸುವ ಕೋಣೆ

ಜೂನ್ 9, ಸೋಮವಾರ

ಮಗ ಅಮಿತನಿಗೆ ಡಬ್ಬಿ ಕಟ್ಟಿ ಕಳಿಸಿದೆ. ದಿನದಂತೆ ಬಾಗಿಲ ಹಿಂದೆ ಕೈ ಹಾಕಿದೆ. ಚೀಲ ಇಲ್ಲ.

ತಲೆ ಬಾಚಿದಾಗ ಉದುರಿದ ಕೂದಲನ್ನು ಮಾಧುರಿ ಬೆರಳಿಗೆ ಸುತ್ತಿ ಅದರಲ್ಲೇ ತುರುಕುತ್ತಿದ್ದಳು. ಫೆಬ್ರವರಿಯಲ್ಲಿ ತೀರಿಹೋದಳು. ಮಗಳೆಂದು ಮುಟ್ಟಲು ಉಳಿದದ್ದು ಅದೊಂದೇ.

ಕೂದಲಿಗೆ ಪಾತ್ರೆ ಕೊಡುವ ಹೆಂಗಸಿಗೆ ಸೊಸೆ ಸೋನಾಲಿ ಅದನ್ನು ಕೊಟ್ಟುಬಿಟ್ಟಿದ್ದಾಳೆ.

“ಆಯಿ, ಕಚರಾ, ಕಸ ಅಂದ್ಕೊಂಡೆ ನಾನು. ಬದ್ಲಿಗೆ ಡಬ್ಬಾ ಕೊಟ್ಲು... ಬಘಾ ನಾ, ಎಷ್ಟ್ ಛಾನ್, ಎಷ್ಟ್ ಚೆಂದ ಇದೆ.”

ಸೋನಾಲಿಗೇನು ಗೊತ್ತು. ಬಯ್ಯಲಿಲ್ಲ.

ಜೂನ್ 11

ಆ ಹೆಂಗಸನ್ನು ವಿಲೆ ಪಾರ್ಲೆ ಸ್ಟೇಷನ್ ಹತ್ತಿರ ಹಿಡಿದೆ. ಮಾಲೆಲ್ಲ ಬೈಕುಲ್ಲಾದ ಗೋಡೌನಿಗೆ ಹೋಗುತ್ತದಂತೆ. ಹೋದೆ.

ಬಾಗಿಲು ತೆರೆದರೆ ವಾಸನೆ. ನೂರಾರು ತಲೆಗಳ ಎಣ್ಣೆ. ಸೊಂಟದೆತ್ತರ ಕೂದಲಿನ ರಾಶಿ. ಫ್ಯಾನ್ ಇರಲಿಲ್ಲ — ರಾಶಿ ಮೆಲ್ಲಗೆ ಅಲುಗುತ್ತಿತ್ತು.

ಮಾಲೀಕ ಗುರಲಿಂಗಪ್ಪ, ವಿಜಾಪುರದ ಕಡೆಯವನು.

“ಎವ್ವಾ, ಇದರಾಗ ನಿನ್ನ ಮಗಳು ಯಾವಾಕಿ ಅಂತ ಹ್ಯಾಂಗ ಹೇಳ್ಲಿ? ಕುಂತು ಕೆಲಸ ಮಾಡು. ಗುರ್ತ ಹತ್ತಿದ್ರ ನೋಡೂಣು. ತಿಂಗಳ ಕೊನೀಗೆ ಮಾಲ್ ಹಡಗ ಹತ್ತತೈತಿ.”

ಕುಳಿತೆ.

ಜೂನ್ 17

ಪಕ್ಕದವಳು ಚನ್ನವ್ವ. ಸೂಜಿಯಿಂದ ಸಿಕ್ಕು ಬಿಡಿಸುತ್ತಾಳೆ. ಅವಳ ಜಡೆಯೋ, ಹುರಿಯಷ್ಟು ಸಣ್ಣ.

“ಎಲ್ಲಿಗೆ ಹೋಗ್ತೈತಿ ಇದು?” ಅಂದೆ.

“ಚೀನಾಕ್ಕ. ವಿಗ್ ಆಗಿ ಅಲ್ಲಿಂದ ಅಮೆರಿಕಾಕ್ಕ. ಒಬ್ಬಾಕಿ ಹಾಕ್ಕೊಂಡು ಕನ್ನಡಿ ಮುಂದ ನಿಂದರತಾಳ. ಆಕೀ ತಲಿ ಮ್ಯಾಲ ನಮ್ಮ ಚಾಳ ಪೂರಾ ಕುಂತಿರ್ತೈತಿ.”

“ನಿನ್ನ ಜಡಿ?”

“ಅದೂ ಹೊಂಟೈತಿ, ಸ್ವಲ್ಪ ಸ್ವಲ್ಪ. ಪಾಸ್‌ಪೋರ್ಟ್ ಇಲ್ದನ!”

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಗಮನಿಸಿದೆ. ಒಬ್ಬೊಬ್ಬಳೂ ಉಂಡೆ ಬಿಡಿಸುವ ಮೊದಲು ಮೂಗಿಗೆ ಹಿಡಿಯುತ್ತಾಳೆ.

ನಾನೂ ಹಿಡಿಯುತ್ತೇನೆ.

ಜೂನ್ 26

ತೊಳೆದ ಕೂದಲನ್ನು ಕಟ್ಟು ಕಟ್ಟಿ ಹಗ್ಗಕ್ಕೆ ನೇತುಹಾಕುತ್ತಾರೆ. ಗೋಡೆಗೆ ಮುಖ ಮಾಡಿ ನಿಂತ ಹೆಂಗಸರ ಹಾಗೆ. ಊಟದ ಹೊತ್ತಿಗೆ ಒಂದು ಕಟ್ಟು ಇತ್ತ ತಿರುಗಿತು. ಗಾಳಿ ಇರಲಿಲ್ಲ.

ಮುಟ್ಟಿದೆ. ತುದಿಯಲ್ಲಿ ಮಾಧುರಿಯ ಗುಂಗುರು — ಕೈಗೆ ಗೊತ್ತಾಯಿತು.

ಕೊಡು ಎಂದು ಕೇಳಿದರೆ ಗುರಲಿಂಗಪ್ಪ ಅಡ್ಡಡ್ಡ ತಲೆಯಾಡಿಸಿದ. “ಎವ್ವಾ, ಆ ಕಟ್ಟಿನ್ಯಾಗ ನೂರು ಮಂದಿ ಅದಾರ. ನಿನ್ನಾಕಿನ್ನಷ್ಟ ಹ್ಯಾಂಗ ತಗದ ಕೊಡ್ಲಿ? ಎಲ್ಲಾ ಆರ್ಡರಿನ ಮಾಲ. ಒಂದ ಕಮ್ಮಿ ಬಂದ್ರ ಅವರು ನನಗ ರೊಕ್ಕ ಕಟ್ ಮಾಡ್ತಾರ, ನಾ ನಿಮಗ.”

ಸುಳ್ಳು ಹೇಳಲಿಲ್ಲ ಅವನು.

ಜೂನ್ 28, ಶನಿವಾರ

ಸಂಜೆ ಪ್ಯಾಕಿಂಗ್. ಚನ್ನವ್ವ ಆ ಕಟ್ಟನ್ನು ನನ್ನ ಚೀಲಕ್ಕೆ ಹಾಕಿದಳು.

“ಒಯ್ಯಿ. ನಮ್ಮೆಲ್ಲಾರ ಪಗಾರದಾಗ ಹಿಡ್ಕೊಳ್ಳಲಿ.”

ಯಾರೂ ತಲೆ ಎತ್ತಲಿಲ್ಲ. ಲೋಕಲ್ ರೈಲಿನಲ್ಲಿ ಚೀಲ ತೊಡೆಯ ಮೇಲೆ. ಬೆಚ್ಚಗಿತ್ತು.

ಜೂನ್ 29, ಭಾನುವಾರ, ಮಧ್ಯಾಹ್ನ

ಅಮಿತ, ಸೋನಾಲಿ ಅಂಧೇರಿಗೆ ಹೋಗಿದ್ದಾರೆ. ಕಟ್ಟನ್ನು ಕಿಟಕಿಯ ಸರಳಿಗೆ ಬಿಗಿದೆ. ಎಣ್ಣೆ ಹಚ್ಚಿದೆ. ಹೆಣೆಯತೊಡಗಿದೆ.

ಅರ್ಧಕ್ಕೆ ಬಂದಾಗ ಆ ಕಡೆಯಿಂದ ಜಗ್ಗಿತು.

“ಅವ್ವಾ, ಬಿಗಿ ಆತು.”

ಮಾಧುರಿ ಹೀಗೇ ಅನ್ನುತ್ತಿದ್ದಳು. ದನಿ ಮಾತ್ರ ಅವಳದಲ್ಲ. ಕೈ ಸಡಿಲಿಸಿದೆ.

“ಆಯಿ, ಹಳೂ.” ಮೆಲ್ಲಗೆ ಅನ್ನುತ್ತಿದ್ದಾಳೆ, ಇದು ಬೇರೆ ಯಾರೋ. “ಅಮ್ಮೀ, ಧೀರೆ.” ಮತ್ತೊಬ್ಬಳು...

ಸರದಿಯಲ್ಲಿ ಬರುತ್ತಿದ್ದಾರೆ. ಎಡಗೈಯಲ್ಲಿ ಜಡೆ ಹಿಡಿದೇ ಬರೆಯುತ್ತಿದ್ದೇನೆ. ಬಿಡಲಾರೆ. ಮಾಧುರಿಯ ದನಿ ಇನ್ನೂ ಬಂದಿಲ್ಲ. ಈಗ ಯಾರೋ ಉಸಿರು ಎಳೆದುಕೊಂಡರು — ಈ ಸಲ